ಕಣ್ಣು ಮಿಟುಕಿಸೋದು ನಿಂತು ಭುಜ ಕುಣಿಸೋದು ಶುರು: ಇದು ಟಿಕ್ಸಾ?

ಪ್ರಶ್ನೆ: ಮಗುವಿಗೆ 6 ವರ್ಷ. ಎರಡು ತಿಂಗಳು ಕಣ್ಣು ಪಟಪಟ ಮಿಟುಕಿಸಿದ, ಈಗ ಅದು ಹೋಗಿ ಬಲ ಭುಜ ಎಗರಿಸುತ್ತಾನೆ. ಕಣ್ಣಿನ ಡಾಕ್ಟರ್ ನೋಡಿದ್ದಾರೆ; ಪವರ್, ಅಲರ್ಜಿ ಏನೂ ಇಲ್ಲ. ಟಿವಿ ಮುಂದೆ ಜಾಸ್ತಿ, ನಿದ್ದೆಯಲ್ಲಿ ಇಲ್ಲವೇ ಇಲ್ಲ. ‘ಬಿಡು ಅದನ್ನ’ ಅಂದರೆ ಐದು ನಿಮಿಷ ತಡೆದು, ಆಮೇಲೆ ಇನ್ನೂ ಜೋರು. ಫಿಟ್ಸ್ ಇರಬಹುದಾ? ಎಷ್ಟು ದಿನ ಕಾಯಬಹುದು?

ನಿಧಾನಿ: ನೀವು ಹೇಳಿದ್ದೆಲ್ಲ ಟಿಕ್ಸ್ (ಬೇಕಂತ ಮಾಡದೆ, ದಿಢೀರ್ ಅಂತ ಮತ್ತೆ ಮತ್ತೆ ಬರುವ ಚಲನೆ ಅಥವಾ ಶಬ್ದ) ಲಕ್ಷಣವೇ. ಜಾಗ ಬದಲಿಸೋದು, ಸ್ವಲ್ಪ ಹೊತ್ತು ತಡೆಹಿಡಿಯೋಕೆ ಆಗೋದು, ಕೆಲವು ವಾರ ಹೆಚ್ಚಿ ಮತ್ತೆ ತಗ್ಗೋದೂ ಟಿಕ್ಸ್‌ನ ಸ್ವಭಾವ. ಸಾಮಾನ್ಯವಾಗಿ 4ರಿಂದ 6 ವರ್ಷದೊಳಗೆ ಶುರುವಾಗುತ್ತೆ. ಮೊದಲ ಟಿಕ್ ಕಾಣಿಸಿ ಒಂದು ವರ್ಷ ತುಂಬುವವರೆಗೆ ಇದನ್ನು ತಾತ್ಕಾಲಿಕ ಅಂತಲೇ ಕರೆಯೋದು. ಭುಜದ್ದು ಶುರುವಾದ ದಿನದಿಂದ ಎಣಿಸಬೇಡಿ, ಕಣ್ಣಿನದ್ದು ಶುರುವಾದ ದಿನದಿಂದ ಎಣಿಸಿ. ವರ್ಷ ದಾಟಿ, ಎರಡಾದರೂ ಚಲನೆಯ ಟಿಕ್ಸ್ ಜೊತೆಗೆ ಒಂದು ಶಬ್ದದ್ದೂ (ಗಂಟಲು ಸರಿಮಾಡಿಕೊಳ್ಳೋದು, ಮೂಗು ಸೊರ್ ಅಂತ ಎಳೆಯೋದು) ಇದ್ದರೆ ಮಾತ್ರ ಟುರೆಟ್ ಅನ್ನೋ ದೀರ್ಘಕಾಲದ ಟಿಕ್ಸ್ ಸಮಸ್ಯೆಯ ಮಾತು ಬರುತ್ತೆ. ಚಲನೆ, ಶಬ್ದ ಎರಡೂ ಒಂದೇ ಕಾಲಕ್ಕೆ ಇರಬೇಕಂತಿಲ್ಲ.

ಹಗಲುಗನಸು (ಇನ್ನೊಬ್ಬರ ಉತ್ತರ): ಫಿಟ್ಸ್ ವಿಷಯ: ಆಬ್ಸೆನ್ಸ್ ಫಿಟ್ಸ್‌ನಲ್ಲೂ (ಕೆಲವೇ ಸೆಕೆಂಡು ಅರಿವು ತಪ್ಪುವ ಬಗೆಯ ಫಿಟ್ಸ್) ರೆಪ್ಪೆ ಅದುರುತ್ತೆ, ಆದರೆ ಮಗು ಆಡುತ್ತಿದ್ದ ಮಾತು ನಡುವೆಯೇ ನಿಂತು, 5–20 ಸೆಕೆಂಡು ದಿಟ್ಟಿ ನೆಟ್ಟು, ಕರೆದರೂ ಓಗೊಡಲ್ಲ. ಟಿಕ್ ಬಂದಾಗ ಮಾತು ಮುಂದುವರಿಯುತ್ತೆ. ಫೋನ್‌ನಲ್ಲಿ ಒಂದೆರಡು ನಿಮಿಷದ ವಿಡಿಯೊ ಇಟ್ಟುಕೊಳ್ಳಿ. ಡಾಕ್ಟರ್ ಎದುರು ಮಗು ತಡೆದುಕೊಂಡು ಕೂತುಬಿಡುತ್ತೆ, ಅವರಿಗೆ ಏನೂ ಕಾಣಲ್ಲ. ಮುಖದ ಮುಂದೆ ಫೋನ್ ಹಿಡಿಯಬೇಡಿ, ಬದಿಯಿಂದ, ಮಗುವಿನ ಗಮನಕ್ಕೆ ಬಾರದ ಹಾಗೆ.

ನಿಧಾನಿ: ಹೌದು. ಜ್ವರ ಅಥವಾ ಗಂಟಲುನೋವಿನ ಬೆನ್ನಿಗೇ ದಿಢೀರ್ ಅಂತ ಶುರುವಾದರೆ, ಕೈಯಲ್ಲಿ ಹಿಡಿದದ್ದು ಜಾರಿ ಬೀಳುತ್ತಿದ್ದರೆ, ನಡಿಗೆ ತೊಡರಿದರೆ ಕಾಯಬೇಡಿ.

ಮೂರನೇ ಬೆಂಚು: ‘ಬಿಡು’ ಅನ್ನೋದನ್ನು ಮೊದಲು ನೀವು ಬಿಡಿ! ಸೀನು ಬರುವ ಮುಂಚೆ ಮೂಗಲ್ಲಿ ಕಚಗುಳಿ ಆಗುತ್ತಲ್ಲ, ಹಾಗೆ ಒಳಗಿಂದ ಒತ್ತಡ ಬರುತ್ತೆ; ತಡೆಯೋದರಲ್ಲೇ ಮಗುವಿನ ಗಮನವೆಲ್ಲ ಖರ್ಚು. ಟೀಚರ್‌ಗೂ ಅಜ್ಜ ಅಜ್ಜಿಗೂ ‘ಕಂಡರೂ ಕಾಣದ ಹಾಗಿರಿ’ ಅಂತ ಹೇಳಿಡಿ. ನಿದ್ದೆ ಕೆಟ್ಟ ದಿನ, ಪರೀಕ್ಷೆ, ಹುಟ್ಟುಹಬ್ಬದ ಸಂಭ್ರಮ, ಎಲ್ಲದರಲ್ಲೂ ಏರುತ್ತೆ. ಮಾತ್ರೆ ಈ ಹಂತದಲ್ಲಿ ಸಾಮಾನ್ಯವಾಗಿ ಬೇಕಾಗಲ್ಲ. ಕತ್ತು ನೋಯುವಷ್ಟಾದರೆ ಅಥವಾ ಓದುಬರಹಕ್ಕೆ ಅಡ್ಡಿಯಾದರೆ ಹ್ಯಾಬಿಟ್ ರಿವರ್ಸಲ್ ತರಬೇತಿ ಇದೆ: ಒತ್ತಡ ಬಂದ ತಕ್ಷಣ ಭುಜ ಕೆಳಗೆ ಒತ್ತಿ, ಮೊಣಕೈ ಪಕ್ಕೆಗೆ ಆನಿಸಿ, ಸುಮಾರು ಒಂದು ನಿಮಿಷ ಹಾಗೇ ಇರೋದು. 6ರ ಮಗುವಿಗೆ ಆ ಒತ್ತಡ ಗುರುತು ಸಿಗೋದೇ ಕಷ್ಟ, 8–9 ವರ್ಷದ ಮೇಲೆ ಸಲೀಸು.