ಸಾವಿರ ಫ್ಲ್ಯಾಟ್ ಬರುವ ಮುಂಚೆ ಸಿಗ್ನಲ್ ಹತ್ತಿರದ ಲೆಕ್ಕ ಕೇಳೋಣ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡಿದರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ ಅಂತ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಾದಾಗ ಕೇಳಿ.

ಮೇಷ್ಟ್ರು ಬೆಳಿಗ್ಗೆ ಗುಂಪಿನಲ್ಲಿ ಒಂದು ನೋಟಿಸ್ ಹಾಕಿದ್ದರಲ್ಲ, ನಮ್ಮ ರಸ್ತೆಯ ಕೊನೆಯ ಖಾಲಿ ಜಾಗದಲ್ಲಿ ಸಾವಿರ ಫ್ಲ್ಯಾಟ್ ಕಟ್ಟುತ್ತಾರೆ, ಆಕ್ಷೇಪಣೆ ಇದ್ದರೆ ಬರೆದು ಕೊಡಿ ಅಂತ. ಅದರ ಕೆಳಗೆ ಕೆಲವರು ಕಟ್ಟೋಕೇ ಬಿಡಬಾರದು ಅಂದಿದ್ದೀರಿ. ಇನ್ನು ಕೆಲವರು ರಸ್ತೆ ಅಗಲ ಮಾಡುತ್ತಾರಂತೆ, ಮತ್ತೇನು ತೊಂದರೆ ಅಂದಿದ್ದೀರಿ. ನನಗೆ ಎರಡೂ ಸರಿ ಅನ್ನಿಸಲಿಲ್ಲ. ಅಲ್ಲಿಗೆ ಬರುವವರಿಗೂ ಮನೆ ಬೇಕು. ನಾವು ಇಲ್ಲಿಗೆ ಬಂದಾಗಲೂ ಯಾರೋ ಹೀಗೇ ಬೇಜಾರು ಮಾಡಿಕೊಂಡಿದ್ದಿರಬಹುದು. ಬರಿ 'ಬೇಡ' ಅಂತ ಬರೆದುಕೊಟ್ಟರೆ ಆ ಕಾಗದವನ್ನು ಫೈಲಿಗೆ ಸೇರಿಸಿ ಸುಮ್ಮನಾಗುತ್ತಾರೆ. ಕಟ್ಟುವವರು ಕೊಡುವ ಟ್ರಾಫಿಕ್ ವರದಿಯಲ್ಲಿ ಇಂಥ ಕಡೆ ಲೆಕ್ಕ ಸರಿಯಿಲ್ಲ ಅಂತ ಬೆರಳಿಟ್ಟು ತೋರಿಸಿದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಹಾಗಾದರೆ ಏನು ನೋಡಬೇಕು? ದಿನಕ್ಕೆ ಎಷ್ಟು ಗಾಡಿ ಅನ್ನುವುದನ್ನು ಪಕ್ಕಕ್ಕಿಡಿ. ನಮ್ಮ ಕಷ್ಟ ಇರುವುದು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಅಮೆರಿಕದ ಎಂಜಿನಿಯರ್‌ಗಳು ಬಳಸುವ ಕೈಪಿಡಿಗಳಲ್ಲಿ ಒಂಟಿ ಮನೆಗೆ ದಿನಕ್ಕೆ ಹೋಗುವುದು ಬರುವುದು ಸೇರಿ ಸುಮಾರು 9ರಿಂದ 10 ಓಡಾಟ ಅಂತ ಹಿಡಿಯುತ್ತಾರೆ. ಸಂಜೆಯ ಪೀಕ್ ಗಂಟೆಯಲ್ಲಿ, ಅಂದರೆ ಗಾಡಿ ಅತಿ ಹೆಚ್ಚು ಇರುವ ಗಂಟೆಯಲ್ಲಿ, ಹತ್ತಿರಹತ್ತಿರ ಒಂದು. ಫ್ಲ್ಯಾಟ್ ಆದರೆ ಅದರ ಅರ್ಧದ ಆಸುಪಾಸು. ಜನ ಬಸ್ಸಲ್ಲಿ ಓಡಾಡುವ ಕಡೆ, ಬೈಕ್ ಜಾಸ್ತಿ ಇರುವ ಕಡೆ ಇದು ಬದಲಾಗುತ್ತದೆ. ಆದರೂ ಒಂದು ಅಂದಾಜಿಗೆ ಸಾಕು. ಸಾವಿರ ಫ್ಲ್ಯಾಟ್ ಅಂದರೆ ಪೀಕ್ ಗಂಟೆಯಲ್ಲಿ ಸುಮಾರು 500 ಗಾಡಿ. ಬೆಳಿಗ್ಗೆ ಅದರಲ್ಲಿ ಹೆಚ್ಚಿನವು ಹೊರಗೆ ಹೊರಟಿರುತ್ತವೆ. 350 ಅಂತ ಇಟ್ಟುಕೊಳ್ಳಿ.

ಈಗ ಸಿಗ್ನಲ್‌ಗೆ ಬನ್ನಿ. ಹಸಿರು ದೀಪ ಆರದೇ ಉರಿಯುತ್ತಿದ್ದರೆ ಒಂದು ಲೇನಿನಲ್ಲಿ ಗಂಟೆಗೆ ಹೆಚ್ಚೆಂದರೆ ಸುಮಾರು 1,900 ಕಾರು ದಾಟಬಹುದು. ಅದೂ ಎಲ್ಲ ಅನುಕೂಲವಾಗಿದ್ದರೆ. ನಮ್ಮ ಕಡೆಗೆ ಹಸಿರು ಸಿಗುವುದು ಮೂರನೇ ಒಂದು ಭಾಗ ಹೊತ್ತು ಅಂದರೆ ದಾಟುವುದು 600 ಚಿಲ್ಲರೆ. ಈಗಾಗಲೇ 450 ಗಾಡಿ ಆ ಲೇನಿನಲ್ಲಿ ಹೋಗುತ್ತಿದ್ದರೆ? ಮೇಲೆ 350 ಸೇರಿದರೆ 800. ಉಳಿದ ಗಾಡಿಗಳು ಎಲ್ಲಿ ನಿಲ್ಲುತ್ತವೆ? ನಮ್ಮ ಮನೆಗಳ ಮುಂದೆ!

ಇನ್ನೊಂದು ವಿಷಯ ಇಲ್ಲಿ ಬಹಳ ಮುಖ್ಯ. ಗಾಡಿ ಶೇಕಡಾ ಹತ್ತು ಹೆಚ್ಚಾದರೆ ಕಾಯುವುದೂ ಶೇಕಡಾ ಹತ್ತು ಹೆಚ್ಚುತ್ತದೆ ಅಂತ ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ರಸ್ತೆ ಅರ್ಧ ತುಂಬಿರುವಾಗ ಹತ್ತು ಸೇರಿದರೆ ಗೊತ್ತೂ ಆಗುವುದಿಲ್ಲ. ತುಂಬಿ ತುಳುಕುವ ಹಂತದಲ್ಲಿ ಅದೇ ಹತ್ತು ಸೇರಿದರೆ ಸಾಲು ಒಂದೇ ಸಮನೆ ಬೆಳೆಯುತ್ತದೆ. ಅದಕ್ಕೇ ತಿಳಿದವರು ಜಂಕ್ಷನ್ನನ್ನು ಅದರ ಸಾಮರ್ಥ್ಯದ ಶೇಕಡಾ 85–90ಕ್ಕಿಂತ ಹೆಚ್ಚು ತುಂಬಿಸಬಾರದು ಅನ್ನುತ್ತಾರೆ. ವರದಿಯಲ್ಲಿ 'ಈಗಿರುವ ಟ್ರಾಫಿಕ್‌ಗೆ ಅಲ್ಪ ಪ್ರಮಾಣದ ಹೆಚ್ಚಳ' ಅಂತ ಬರೆದಿದ್ದರೆ ಅದನ್ನು ಒಪ್ಪಬೇಡಿ. ಈಗ ಎಷ್ಟು ತುಂಬಿದೆ, ಆಮೇಲೆ ಎಷ್ಟು ತುಂಬುತ್ತದೆ, ಸಾಲು ಎಷ್ಟು ಮೀಟರ್ ಹಿಂದಕ್ಕೆ ಬರುತ್ತದೆ, ಈ ಮೂರಕ್ಕೂ ಅಂಕಿ ಕೇಳಿ.

ಗಾಡಿ ಎಣಿಸಿದ್ದು ಯಾವತ್ತು ಅನ್ನುವುದನ್ನೂ ನೋಡಿ. ಸ್ಕೂಲಿಗೆ ರಜೆ ಇದ್ದಾಗ ಎಣಿಸಿದರೆ ಆ ಲೆಕ್ಕಕ್ಕೆ ಅರ್ಥವೇ ಇಲ್ಲ. ತಮ್ಮ ಗೇಟಿನ ಮುಂದಿನ ತಿರುವನ್ನು ಮಾತ್ರ ನೋಡಿ, ಮುಂದಿನ ಸಿಗ್ನಲ್ ಬಿಟ್ಟಿದ್ದಾರಾ? ಸುತ್ತಮುತ್ತ ಆಗಲೇ ಅನುಮತಿ ಸಿಕ್ಕಿ ಇನ್ನೂ ಕಟ್ಟದೇ ಇರುವ ಬೇರೆ ಕಟ್ಟಡಗಳನ್ನು ಸೇರಿಸಿದ್ದಾರಾ? ಒಂದೊಂದೇ ನೋಡಿದರೆ ಎಲ್ಲವೂ ಸಣ್ಣದೇ. ಒಟ್ಟಿಗೆ ಬಂದಾಗ ಸಂಕಟ ನಮಗೆ. ಜನ ಬಸ್ಸಿಗೆ ಹೋಗುತ್ತಾರೆ ಅಂತ ಲೆಕ್ಕ ಹಾಕಿದ್ದರೆ ಆ ಬಸ್ ಎಲ್ಲಿದೆ, ಎಷ್ಟು ಹೊತ್ತಿಗೊಂದು ಬರುತ್ತದೆ ಅಂತಲೂ ಕೇಳಬೇಕು, ಅಲ್ವಾ?

ರಸ್ತೆ ಅಗಲ ಮಾಡುವ ಮಾತಿಗೆ ಬರುತ್ತೇನೆ. ಇದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಸಿಗ್ನಲ್ ಹಾಗೇ ಬಿಟ್ಟು ನಡುವಿನ ರಸ್ತೆ ಮಾತ್ರ ಅಗಲ ಮಾಡಿದರೆ ಎರಡು ಸಾಲಾಗಿ ಬಂದು ಅಲ್ಲೇ ನಿಲ್ಲುತ್ತೇವೆ, ಅಷ್ಟೇ. ದೊಡ್ಡ ಹೆದ್ದಾರಿಗಳಲ್ಲೂ ಹೀಗೇ ಆಗಿದೆ. ಪೀಕ್ ಹೊತ್ತಲ್ಲಿ ಅಗಲ ಮಾಡಿದ ಹೆದ್ದಾರಿ ಮತ್ತೆ ತುಂಬಿಕೊಳ್ಳುತ್ತದೆ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಬರೆದಿದ್ದರು. 2011ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿ ಹಿಡಿದು ನೋಡಿದರು. ಹೆದ್ದಾರಿ ಎಷ್ಟು ಹೆಚ್ಚಾಯಿತೋ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಾಗಿತ್ತು. ಆದ್ದರಿಂದ ಅಗಲೀಕರಣ ಅಂದ ತಕ್ಷಣ ನಾವು ಸಮಾಧಾನ ಆಗಬಾರದು.

ಮುಖ್ಯ ರಸ್ತೆ ಕಟ್ಟಿಕೊಂಡರೆ ಗಾಡಿಗಳು ಒಳರಸ್ತೆಗೆ ನುಗ್ಗುತ್ತವೆ. ನನಗೆ ಎಲ್ಲಕ್ಕಿಂತ ಹೆದರಿಕೆ ಇರುವುದು ಇದರದ್ದೇ. ಮಕ್ಕಳು ಸೈಕಲ್ ಹೊಡೆಯುವ ಜಾಗ ಅದು, ವಯಸ್ಸಾದವರು ಸಂಜೆ ನಡೆಯುವ ಜಾಗ. ಸರಾಸರಿ ವೇಗ ಶೇಕಡಾ 1 ಹೆಚ್ಚಾದರೆ ಸಾವು ತರುವ ಅಪಘಾತದ ಸಾಧ್ಯತೆ ಶೇಕಡಾ 4 ಹೆಚ್ಚುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೇಟಾಯಿತು ಅಂತ ಅಡ್ಡದಾರಿ ಹಿಡಿದವರು ನಿಧಾನವಾಗಿ ಹೋಗುತ್ತಾರಾ? ಒಳರಸ್ತೆಗಳಲ್ಲಿ ಹಂಪ್ ಹಾಕಬೇಕು, ಬೇಕಾದ ಕಡೆ ಅಡ್ಡದಾರಿ ಮುಚ್ಚಬೇಕು. ಆ ಖರ್ಚು ಕಟ್ಟುವವರದೇ ಆಗಬೇಕು ಅಂತ ಖಂಡಿತ ಬರೆಯೋಣ.

ಕಟ್ಟುವ ವರ್ಷಗಳ ಬಗ್ಗೆ ಗುಂಪಿನಲ್ಲಿ ಯಾರೂ ಮಾತಾಡಿಲ್ಲ. ಒಂದು ಕಾಂಕ್ರೀಟ್ ಮಿಕ್ಸರ್ ಲಾರಿಯಲ್ಲಿ ಬರುವುದು 6–7 ಘನ ಮೀಟರ್. 300 ಘನ ಮೀಟರ್ ಹಾಕುವ ದಿನ 45–50 ಲಾರಿ ಬರಬೇಕು, ಅಷ್ಟೇ ವಾಪಸ್ ಹೋಗಬೇಕು. ಆಕ್ಸಲ್, ಅಂದರೆ ಚಕ್ರಗಳ ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು. ಅಮೆರಿಕದಲ್ಲಿ 1958ರಿಂದ 1960ರವರೆಗೆ ರಸ್ತೆ ಹಾಕಿ, ಲಾರಿ ಓಡಿಸಿ ನೋಡಿದ ಪರೀಕ್ಷೆಯಿಂದ ಬಂದ ಲೆಕ್ಕ ಇದು. ಕಟ್ಟಡ ಮುಗಿಯುವ ಹೊತ್ತಿಗೆ ನಮ್ಮ ರಸ್ತೆ ಏನಾಗಿರುತ್ತದೆ ಅಂತ ಯೋಚಿಸಿ. ಸ್ಕೂಲ್ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಲಾರಿ ಬರಬಾರದು, ಹಾಳಾದ ರಸ್ತೆಯನ್ನು ಅವರೇ ಸರಿ ಮಾಡಿಕೊಡಬೇಕು ಅಂತ ಷರತ್ತು ಇರಲಿ.

ಷರತ್ತು ಅಂದ ಮೇಲೆ ಗಡುವೂ ಬೇಕು. ಜಂಕ್ಷನ್ ಕೆಲಸ, ಫುಟ್‌ಪಾತ್, ಬಸ್ ಸ್ಟಾಪ್ ಎಲ್ಲವೂ ಮೊದಲ ಮನೆಯ ಕೀ ಕೊಡುವ ಮುಂಚೆ ಮುಗಿದಿರಬೇಕು. 'ಮುಂದಿನ ಹಂತದಲ್ಲಿ ಮಾಡುತ್ತೇವೆ' ಅಂದರೆ ಒಪ್ಪಬಾರದು. ಹೊಸ ಮನೆಗೆ ಬಂದವರು ಓಡಾಟದ ಅಭ್ಯಾಸ ಮಾಡಿಕೊಳ್ಳುವುದು ಆ ಶುರುವಿನ ದಿನಗಳಲ್ಲೇ. ಬಸ್ ಇಲ್ಲದಿದ್ದರೆ ಕಾರು ತೆಗೆದುಕೊಳ್ಳುತ್ತಾರೆ, ಆಮೇಲೆ ಬಸ್ ಬಂದರೂ ಕಾರು ಬಿಡುವುದು ಕಷ್ಟ. ಜರ್ಮನಿಯ ಫ್ರೈಬರ್ಗ್‌ನಲ್ಲಿ ವೌಬಾನ್ ಅಂತ ಒಂದು ಬಡಾವಣೆ ಇದೆ. ಅಲ್ಲಿ ಬಹಳಷ್ಟು ಮನೆಗಳಿಗೆ ಬಾಗಿಲ ಮುಂದೆ ಪಾರ್ಕಿಂಗ್ ಇಲ್ಲ. ಕಾರು ಬೇಕಾದವರು ಅಂಚಿನಲ್ಲಿರುವ ಗ್ಯಾರೇಜಿನಲ್ಲಿ ಬೇರೆ ದುಡ್ಡು ಕೊಟ್ಟು ಜಾಗ ಕೊಳ್ಳಬೇಕು. ಟ್ರ್ಯಾಮ್ ಬಡಾವಣೆಯ ಒಳಗೇ ಬರುತ್ತದೆ. ನಮಗೆ ಅಷ್ಟು ಸಿಗದೇ ಇರಬಹುದು. ಪಾರ್ಕಿಂಗನ್ನು ಫ್ಲ್ಯಾಟಿನ ಬೆಲೆಯಿಂದ ಬೇರೆ ಮಾಡಿ ಮಾರಿ ಅಂತಾದರೂ ಕೇಳಬಹುದು.

ಮತ್ತೆ, ಸಾವಿರ ಮನೆಗೆ ಒಂದೇ ಗೇಟ್ ಅಂತ ನಕ್ಷೆಯಲ್ಲಿ ಕಾಣುತ್ತಿದೆ. ಆ ಗೇಟಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಆಂಬುಲೆನ್ಸ್ ಎಲ್ಲಿಂದ ಒಳಗೆ ಹೋಗಬೇಕು? ಇದನ್ನು ಬರೆಯುವಾಗ ಅಲ್ಲಿಗೆ ಬರುವವರ ಪರವಾಗಿಯೂ ಬರೆಯುತ್ತೇವೆ.

ಈಗ ಕೆಲಸದ ಮಾತು. ಸ್ಕೂಲ್ ನಡೆಯುತ್ತಿರುವ ವಾರದಲ್ಲಿ, ಮಂಗಳವಾರವೋ ಬುಧವಾರವೋ, ಬೆಳಿಗ್ಗೆ ಸಿಗ್ನಲ್ ಹತ್ತಿರ ನಿಂತು ನಾವೇ ಗಾಡಿ ಎಣಿಸೋಣ. ಪ್ರತಿ ತಿರುವಿಗೆ ಒಬ್ಬರು ಬೇಕು, 15 ನಿಮಿಷಕ್ಕೊಮ್ಮೆ ಸಂಖ್ಯೆ ಬರೆದುಕೊಳ್ಳಬೇಕು. ಸಾಲಿನ ಕೊನೆ ಎಲ್ಲಿದೆ ಅಂತ ಫೋಟೊ ತೆಗೆಯಬೇಕು, ಸಮಯ ಸಮೇತ. ಯಾರು ಬರುತ್ತೀರಿ ಅಂತ ಇಲ್ಲೇ ಹೇಳಿ. ಮೇಷ್ಟ್ರೇ, ಆ ಟ್ರಾಫಿಕ್ ವರದಿಯ ಪ್ರತಿ ಕಚೇರಿಯಲ್ಲಿ ಸಿಕ್ಕರೆ ದಯವಿಟ್ಟು ಗುಂಪಿಗೆ ಹಾಕಿ. ನಾನು ಪೂರ್ತಿ ಓದಿ ಪ್ರಶ್ನೆಗಳನ್ನು ಬರೆದು ಕಳಿಸುತ್ತೇನೆ. ಆಕ್ಷೇಪಣೆಯ ಕೊನೆಯ ದಿನ ಯಾವುದು ಅಂತಲೂ ಒಮ್ಮೆ ನೋಡಿ ಹೇಳಿ.