ಸಹಾಯ ಬೇಕು: ಎತ್ತರದ ಬಡಗಿಗೆ ಹೊಂದುವಂತೆ ಮೇಜು, ಯಂತ್ರಗಳನ್ನು ಏರಿಸುವುದು ಹೇಗೆ?

ಗುಂಪಿನ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ.

ಬದಿಯಡ್ಕದ ಸಮೀಪ ನಮ್ಮದೊಂದು ಮರಗೆಲಸದ ಶೆಡ್ ಇದೆ. ಅಲ್ಲಿ ದುಡಿಯುವ ನನ್ನ ಅಣ್ಣನ ಮಗನ ಎತ್ತರ 6 ಅಡಿ 3 ಅಂಗುಲ. 32 ಅಂಗುಲದ ಮೇಜಿನ ಮೇಲೆ ಹಲಸಿನ ಹಲಗೆಗೆ ಕೀಸುಳಿ ಹಾಕುವಾಗ ಅವನ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಸಂಜೆಯ ಹೊತ್ತಿಗೆ ಸೊಂಟ ನೆಟ್ಟಗಾಗುವುದಿಲ್ಲ. ಇನ್ನೂ ಚಿಕ್ಕ ವಯಸ್ಸಿನವನಾದ್ದರಿಂದ ಈಗಲೇ ಸರಿಪಡಿಸಬೇಕೆಂಬುದು ನನ್ನ ಕಾಳಜಿ.

ಕೀಸುಳಿಯ ಮೇಲೆ ಮೈಭಾರ ಬೀಳಬೇಕಾದ್ದರಿಂದ ಮೇಜು ಮಣಿಕಟ್ಟಿನ ಮಟ್ಟಕ್ಕಿಂತ ಹೆಚ್ಚು ಮೇಲೇರಬಾರದು, ಆದರೆ ಗೆರೆ ಹಾಕುವ, ಉಳಿಯಿಂದ ಸಂದು ತೆಗೆಯುವ ಸೂಕ್ಷ್ಮ ಕೆಲಸಕ್ಕೆ ಮೊಣಕೈ ಸಮೀಪದ ಎತ್ತರವೇ ಹಿತ. ಹಾಗಾಗಿ ಮೇಜಿನ ಕಾಲುಗಳಿಗೆ ಬೋಲ್ಟ್‌ನಿಂದ ಮರದ ತುಂಡು ಸೇರಿಸಿ 36 ಅಂಗುಲಕ್ಕೆ ಏರಿಸಿ, ಸೂಕ್ಷ್ಮ ಕೆಲಸ ಬಂದಾಗ ಅದರ ಮೇಲೊಂದು ಸಣ್ಣ ಮೇಜನ್ನು ಕ್ಲಾಂಪ್‌ನಲ್ಲಿ ಬಿಗಿಯಬೇಕೆಂದಿದ್ದೇನೆ. ಲೇತ್‌ನಲ್ಲಿ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಮರ ತಿರುಗುವ ನಡುಮಟ್ಟವನ್ನೂ ಅವನ ಮೊಣಕೈಗೆ ಸರಿಹೊಂದಿಸುತ್ತೇವೆ.

ನಿಜವಾದ ತೊಡಕಿರುವುದು ಟೇಬಲ್ ಗರಗಸದಲ್ಲಿ. ಏರಿಸಿದಷ್ಟೂ ಅದರ ಭಾರ ಮೇಲಾಗಿ ಅಲುಗಾಟ ಹೆಚ್ಚುತ್ತದೆ, ಅಡಿಗೆ ಮರದ ದಿಮ್ಮಿಗಳನ್ನಿಟ್ಟರೆ ಮಳೆಗಾಲದ ತೇವಕ್ಕೆ ಅವು ಉಬ್ಬಿ ಮಟ್ಟ ತಪ್ಪುತ್ತವೆ. ಅಗಲವಾದ ಕಬ್ಬಿಣದ ಆ್ಯಂಗಲ್ ಚೌಕಟ್ಟು ಒಳ್ಳೆಯದೋ, ಕಾಂಕ್ರೀಟ್ ಕಟ್ಟೆಯೋ? ಅದೇ ಗರಗಸವನ್ನು 5 ಅಡಿ 4 ಅಂಗುಲದ ನಮ್ಮ ಹಿರಿಯ ಆಚಾರಿಯವರೂ ಬಳಸುತ್ತಾರೆ. ಅವರಿಗಾಗಿ ಹಲಗೆಯ ಮೆಟ್ಟಿಲಿಟ್ಟರೆ, ತಿರುಗುವ ಬ್ಲೇಡಿನ ಎದುರು ಕಾಲು ಜಾರೀತೆಂಬ ಭಯ ನನಗಿದೆ.

ಇಂಥ ಬದಲಾವಣೆ ಮಾಡಿಕೊಂಡವರು ದಯವಿಟ್ಟು ಅಳತೆ ಮತ್ತು ಚಿತ್ರಗಳೊಂದಿಗೆ ತಿಳಿಸಬೇಕಾಗಿ ವಿನಂತಿ.