ಸಹಾಯ ಬೇಕು: ಘಟ್ಟದಲ್ಲಿ ಬಿಸಿಯಾಗುವ ಹಳೆಯ ಕಾರನ್ನು ಕೊಳ್ಳಬಹುದೇ?

ಕಾರವಾರದಲ್ಲಿ 2011ರ ಪೆಟ್ರೋಲ್ ಸೆಡಾನ್ ಒಂದನ್ನು ನೋಡಿದ್ದೇನೆ. ಮಾಲೀಕರು ಪರಿಚಯದವರೇ, ಅದೇ ಈಗ ತೊಡಕು, ಚೌಕಾಸಿಗೆ ಬಾಯಿ ಬರುತ್ತಿಲ್ಲ. ನಾನು ಶಿರಸಿಯವನು, ವಾರಕ್ಕೊಮ್ಮೆ ಕುಮಟಾಕ್ಕೆ ಘಟ್ಟ ಇಳಿದು ಹತ್ತಬೇಕು.

ಉಪ್ಪುಗಾಳಿಯ ಊರಿನ ಗಾಡಿಯೆಂದು ಮೊದಲು ಅಡಿಭಾಗಕ್ಕೇ ಟಾರ್ಚ್ ಹಿಡಿದೆ. ಬಾಗಿಲ ಕೆಳಪಟ್ಟಿಯಲ್ಲಿ ತುಕ್ಕು ಇದೆ, ಆದರೆ ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ತೂತಾಗುವುದಿಲ್ಲ. ಕ್ಲಚ್, ಸಸ್ಪೆನ್ಷನ್ ಪರವಾಗಿಲ್ಲ.

ಗೊಂದಲವಿರುವುದು ಎಂಜಿನ್ ಬಗ್ಗೆ. ಬೆಳಿಗ್ಗೆ ತಣ್ಣಗಿದ್ದಾಗ ಚಾಲೂ ಮಾಡಿದರೆ ಐದಾರು ಸೆಕೆಂಡ್ ನೀಲಿ ಹೊಗೆ ಬಂದು ನಿಲ್ಲುತ್ತದೆ. ಅಂಕೋಲಾದವರೆಗೆ ಹೆದ್ದಾರಿಯಲ್ಲಿ ಓಡಿಸಿದಾಗ ಉಷ್ಣಾಂಶದ ಮುಳ್ಳು ಅಲುಗಲಿಲ್ಲ. ದೇವಿಮನೆ ಘಟ್ಟ ಹತ್ತುವಾಗ ಮಾತ್ರ ಮುಕ್ಕಾಲಿಗೆ ಏರಿತು. ತಣಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದರೆ ಒಳಗೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಬದಲು ತುಕ್ಕುಬಣ್ಣದ ನೀರು! ಎಂಜಿನ್ ಆಯಿಲ್‌ನಲ್ಲಿ ನೀರು ಬೆರೆತ ಗುರುತಾದ ಹಾಲಿನಂಥ ನೊರೆಯಿಲ್ಲ. ಫ್ಯಾನ್ ತಿರುಗುತ್ತದೆ.

ಒಬ್ಬ ಮೆಕ್ಯಾನಿಕ್ 'ವಾಲ್ವ್ ಸೀಲ್ ಅಷ್ಟೇ, ರೇಡಿಯೇಟರ್ ತೊಳೆಸಿ' ಎಂದರು. ಇನ್ನೊಬ್ಬರು ಹೊಗೆ ಕಂಡೊಡನೆ 'ಪಿಸ್ಟನ್ ರಿಂಗ್ ಹೋಗಿದೆ, ಬೇಡ' ಎಂದು ಕೈ ತೊಳೆದುಕೊಂಡರು. ವಾಲ್ವಿನ ಸೀಲ್, ಪಿಸ್ಟನ್ ಸುತ್ತಲಿನ ರಿಂಗ್ ಎರಡೂ ಆಯಿಲ್ ಸಿಲಿಂಡರ್‌ಗೆ ಸೋರಿ ಉರಿಯದಂತೆ ತಡೆಯುವ ಭಾಗಗಳು. ರಿಂಗ್ ಸವೆದಿದ್ದರೆ ಘಟ್ಟ ಹತ್ತುವಾಗಲೂ ಹೊಗೆ ಬರಬೇಕಲ್ಲವೇ? ಹಿಂದೆ ಬೈಕಿನಲ್ಲಿ ಬಂದ ತಮ್ಮನಿಗೆ ಏನೂ ಕಾಣಲಿಲ್ಲ. ಇದರ ಮೇಲೆ, 15 ವರ್ಷ ತುಂಬಿದಾಗ ನೋಂದಣಿ ನವೀಕರಣದ ಖರ್ಚು ಬೇರೆ.

ಕಂಪ್ರೆಷನ್ ಪರೀಕ್ಷೆ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡಿಸಿದರೆ ದೋಷ ವಾಲ್ವ್ ಸೀಲಿನದೋ ರಿಂಗಿನದೋ ಎಂದು ಖಚಿತವಾಗುತ್ತದೆಯೇ? ಘಟ್ಟದಲ್ಲಷ್ಟೇ ಬಿಸಿಯಾಗಲು ಕಟ್ಟಿಕೊಂಡ ರೇಡಿಯೇಟರ್ ಕಾರಣವೋ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲು) ಸೋರಿಕೆಯೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಪತ್ತೆ ಹಚ್ಚುವುದು ಹೇಗೆ?